ಬೆಂಗಕ್ಕೆ ಎಷ್ಟು ಅಂಕ

ಚಳ್ಳಕೆರೆಯಲ್ಲಿ ವಯಸ್ಕರ ಕನ್ನಡ ಪರೀಕ್ಷೆಯ ಒಂದೊಂದು ಉತ್ತರವನ್ನೂ ಇಬ್ಬರು ಬೇರೆ ಬೇರೆಯಾಗಿ ತಿದ್ದುತ್ತಿದ್ದೆವು: ನಾನು, ಮತ್ತು ಮೊಳಕಾಲ್ಮೂರಿನ ನಿವೃತ್ತ ಮೇಷ್ಟ್ರು. ಅಂಕಗಳ ನಡುವೆ ತೀರಾ ಅಂತರ ಬಂದರೆ ಇಬ್ಬರೂ ಕೂತು ಒಂದು ಅಂಕಕ್ಕೆ ಒಪ್ಪಬೇಕು.

ತೆಲುಗು ಮನೆಮಾತಿನ ನೇಕಾರ ಹೆಂಗಸೊಬ್ಬಳು ಪರೀಕ್ಷೆಯ ಪತ್ರವನ್ನು ಮದುವೆಯಾಗಿ ಹೋದ ತಂಗಿಗೆ ಬರೆದಿದ್ದಳು: 'ಮಗ್ಗದ ಪಕ್ಕ ನೀನು ಕೂರುವ ಜಾಗ ಖಾಲಿ ಐತೆ. ನನಗೆ ಬೆಂಗ ಐತೆ.' ಮೇಷ್ಟ್ರು ಹತ್ತಕ್ಕೆ ಎಂಟು ಕೊಟ್ಟಿದ್ದರು, ನಾನು ಮೂರು. ಪಾಸಾಗಲು ನಾಲ್ಕು ಬೇಕು.

"ಬೆಂಗ ತೆಲುಗು ಪದ, ಮೇಷ್ಟ್ರೇ."

"ಹೌದಪ್ಪ. ಹೋದೋರ್ನ ನೆನೆಸ್ಕೊಂಡು ಊಟ ಸೇರಲ್ಲ ನೋಡು, ಅದು. ಕನ್ನಡದಾಗೆ ಏನಂತೀಯ? ಸರಿಯಾದ ಪದ ಹೇಳು, ನಿನ್ನ ಮೂರೇ ಇರ್ಲಿ."

"ಹಂಬಲ."

"ಅದು ಪುಸ್ತಕದಾಗೆ ಐತೆ. ನಿಮ್ಮಕ್ಕ ಗಂಡನ ಮನೆಗೆ ಹೋದಾಗ ನಿಮ್ಮವ್ವ ಏನಂದ್ಲು?"

"ಏನೂ ಅನ್ಲಿಲ್ಲ. ತಿಂಗಳತನಕ ಒಂದು ಮುದ್ದೆ ಜಾಸ್ತಿ ಮಾಡ್ತಿದ್ಲು."

ಮೇಷ್ಟ್ರು ಕನ್ನಡಕ ಒರೆಸಿ, ಉತ್ತರಪತ್ರಿಕೆಯನ್ನು ನನ್ನ ಕಡೆ ಸರಿಸಿದರು. ನನಗೆ ಬೇರೆ ಪದ ಸಿಗಲಿಲ್ಲ. ಆ ಅಕ್ಕನಿಗೆ ನಾನು ಇವತ್ತಿನವರೆಗೆ ಒಂದು ಪತ್ರವನ್ನೂ ಬರೆದಿಲ್ಲ.

ಮೂರನ್ನು ಹೊಡೆದುಹಾಕಿ ಎಂಟು ಕೊಟ್ಟೆ. ಅಂಕ ಬದಲಿಸಿದ್ದಕ್ಕೆ ಕಾರಣ ಕೇಳುವ ಕಾಲಂನಲ್ಲಿ 'ಪದಸಂಪತ್ತು ಸಾಲದು' ಎಂದು ಬರೆದೆ. ಯಾರದು ಎಂದು ಆ ಕಾಲಂ ಕೇಳುವುದಿಲ್ಲ.