ಲೋಬಾನ ಹಾಕಿದ ಮನೆ

ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ ಸಫಿಯಮ್ಮ ಚಾವಡಿಯ ಮೂಲೆಯಲ್ಲಿ ಮಂಡಿಯೂರಿ, ಸೋಡಾಪುಡಿ ಕಲಸಿದ ನೀರಿನಿಂದ ನೆಲ ತಿಕ್ಕುತ್ತಿದ್ದರು. ನಾಲ್ಕು ದಿನಗಳಲ್ಲಿ ಅದೇ ಮೂಲೆಗೆ ಇದು ಆರನೆಯ ಸಲ. ಹತ್ತು ಗಂಟೆಗೆ ಮೂಡುಬಿದಿರೆಯಿಂದ ಮನೆ ನೋಡಲು ಜನ ಬರುವವರಿದ್ದರು.

ಬೆಕ್ಕಿನ ಮೂತ್ರದ ಒಂದು ಅಂಶ ಬರೀ ನೀರಿಗೆ ಸುಲಭವಾಗಿ ಕರಗುವುದಿಲ್ಲ. ಒಣಗಿದಾಗ ಸುಮ್ಮನಿದ್ದು, ಗಾಳಿಯಲ್ಲಿ ತೇವ ಏರಿದೊಡನೆ ಮತ್ತೆ ನಾರುತ್ತದೆ. ನರಿಕೊಂಬು ಊರಿನ ಆ ಮನೆಗೂ ಹೊಳೆಗೂ ನಡುವೆ ಇದ್ದದ್ದು ಒಂದು ತೆಂಗಿನ ಸಾಲು ಮಾತ್ರ. ಅಲ್ಲಿ ತೇವಕ್ಕೆ ಬಿಡುವೆಂಬುದಿಲ್ಲ. ಇನ್ನು ಸಾಕಿದ ಬೆಕ್ಕುಗಳ ಒಂದೇ ವಾಸನೆಯೊಡನೆ ಇಪ್ಪತ್ತು ವರ್ಷ ಬದುಕಿದ ಮೂಗು ಅದನ್ನು ಗಮನಿಸುವುದನ್ನೇ ಬಿಟ್ಟಿರುತ್ತದೆ. ತನ್ನ ಮನೆ ನಾರುತ್ತದೋ ಇಲ್ಲವೋ ಸಫಿಯಮ್ಮನಿಗೆ ತಿಳಿಯುತ್ತಲೇ ಇರಲಿಲ್ಲ.

ಏಳೂವರೆಗೆ ಮೀನು ಕೊಡಲು ಬಂದ ತುಕ್ರಪ್ಪನನ್ನೇ ಒಳಗೆ ಕರೆದರು.

"ಸ್ವಲ್ಪ ಮೂಸಿ ಹೇಳು ಮಾರಾಯ. ವಾಸನೆ ಉಂಟಾ?"

ತುಕ್ರಪ್ಪ ಚಾವಡಿಯ ನಡುವೆ ನಿಂತು ಉಸಿರೆಳೆದ. "ಬೂತಾಯಿ ಮೀನಿನ ವಾಸನೆ ಬರ್ತದೆ."

"ಅದು ನಿನ್ನದು."

"ಹಾಗಾದ್ರೆ ಬೇರೆ ಯಾರನ್ನಾದ್ರೂ ಕೇಳಿ ಸಫಿಯಮ್ಮ. ನನ್ನ ಮೂಗು ಈಗ ಅದೊಂದನ್ನೇ ಹಿಡಿಯುವುದು."

ಬೇರೆ ದಿನವಾಗಿದ್ದರೆ ಅವರು ನಗುತ್ತಿದ್ದರು.

ಮನೆ ಮಾರಲೇಬೇಕಿತ್ತು. ಗಂಡ ಇದಿನಬ್ಬರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಅಂಗಳದಿಂದ ರಸ್ತೆಗೆ ಐವತ್ತನಾಲ್ಕು ಮುರಕಲ್ಲಿನ ಮೆಟ್ಟಿಲು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತೇ ಅವರನ್ನು ಮೇಲೇರಿಸಬೇಕು. ಜನ ಸಿಗದ ದಿನ ಕುರ್ಚಿಯ ಹಿಂದಿನ ಕಾಲುಗಳು ಸಫಿಯಮ್ಮನ ಕೈಯಲ್ಲಿ. ಬಿ.ಸಿ. ರೋಡಿನಲ್ಲಿ ಲಿಫ್ಟ್ ಇರುವ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಂದು ಫ್ಲ್ಯಾಟ್ ನೋಡಿಟ್ಟಿದ್ದರು. ಈ ಮನೆ ಹೋದರೆ ಆ ಮನೆ.

ಮೊದಲ ಗಿರಾಕಿಗಳು ಬೆಳ್ತಂಗಡಿ ಕಡೆಯವರು. ಅವರು ತಪ್ಪಿಹೋದದ್ದು ದಲ್ಲಾಳಿ ಬಾವಾನ ಬುದ್ಧಿವಂತಿಕೆಯಿಂದ. ಬೆಕ್ಕಿನ ವಾಸನೆ ಮುಚ್ಚಲು ಲೋಬಾನ ಹಾಕಿ ಎಂದಿದ್ದ. ಗುರುವಾರ ಸಂಜೆ ಕೆಂಡಕ್ಕೆ ಒಂದು ಚಿಟಿಕೆ ಉದುರಿಸುವ ಮನೆಯಲ್ಲಿ, ಮಂಗಳವಾರ ನಡುಹಗಲಿಗೆ ಮೂರು ಕೋಣೆಗೂ ಹೊಗೆ ತುಂಬಿಸಿದರು. ಬಂದವರು ಹೊಗೆಯೊಳಗೆ ಮುಖ ಮುಖ ನೋಡಿಕೊಂಡು, ನೀರೂ ಕುಡಿಯದೆ ಮೆಟ್ಟಿಲು ಹತ್ತಿದರು. ಆ ಮನೆಯಲ್ಲಿ ಏನೋ ಉಂಟು, ಓಡಿಸಲು ಹೊಗೆ ಹಾಕುತ್ತಾರೆ ಎಂಬ ಸುದ್ದಿ ವಾರದೊಳಗೆ ಹಬ್ಬಿತು. ಆಮೇಲೆ ಎರಡು ತಿಂಗಳು ಯಾರೂ ಬರಲಿಲ್ಲ.

ಇಂದು ಹೊಗೆ ಇರಲಿಲ್ಲ. ಬಾವಾನ ಹೊಸ ಉಪಾಯದಂತೆ ಬೆಕ್ಕುಗಳನ್ನೆಲ್ಲ ಹಿತ್ತಿಲಿನ ಸೌದೆ ಕೊಟ್ಟಿಗೆಯಲ್ಲಿ ಕೂಡಿಹಾಕಲಾಗಿತ್ತು.

ಬಾವಾನೊಡನೆ ಬಂದವರು ಗಂಡ ಹೆಂಡತಿ. ಜಯಪ್ರಕಾಶ್ ಟೇಪು ಹಿಡಿದು ಕಿಟಕಿ ಅಳೆದರು. ಶಶಿಪ್ರಭಾ ಚಾವಡಿಯಲ್ಲೇ ನಿಂತರು.

"ಒಂದು ವಿಷಯ ಕೇಳ್ತೇನೆ, ಬೇಸರ ಮಾಡ್ಬೇಡಿ. ಈ ಮನೆಯಲ್ಲಿ ಏನಾದ್ರೂ ಉಂಟಾ? ನಡುಹಗಲಿಗೆ ಹೊಗೆ ಹಾಕ್ತಾರೆ ಅಂತ ನಮ್ಮವರೊಬ್ಬರು ಹೇಳಿದ್ರು."

"ಅದು ಸೊಳ್ಳೆಗೆ ಅಕ್ಕ," ಎಂದ ಬಾವಾ.

"ನಡುಹಗಲಿಗೆ ಸೊಳ್ಳೆಯಾ?"

ಆಗಲೇ ಹಿತ್ತಿಲಿನಿಂದ ಒಂದು ಉದ್ದನೆಯ ಅಳು ಕೇಳಿಸಿತು, ಎಳೆಮಗು ಅತ್ತಂತೆ. ಶಶಿಪ್ರಭಾ ಗಂಡನ ತೋಳು ಹಿಡಿದುಕೊಂಡರು. ಬಾವಾ ಸುಮ್ಮನಿರಿ ಎಂದು ಸಫಿಯಮ್ಮನಿಗೆ ಕಣ್ಣಲ್ಲೇ ಹೇಳಿದ.

ದೆವ್ವದ ಮನೆ ಎಂದರೂ ವ್ಯಾಪಾರ ಹೋಯಿತು, ಬೆಕ್ಕಿನ ಮನೆ ಎಂದರೂ ಹೋಯಿತು. ಬಚ್ಚಿಡುವುದಕ್ಕೂ ತ್ರಾಣ ಬೇಕಲ್ಲ. ಸಫಿಯಮ್ಮನಲ್ಲಿ ಅದು ಉಳಿದಿರಲಿಲ್ಲ. "ಬನ್ನಿ," ಎಂದು ಹಿತ್ತಿಲಿಗೆ ಕರೆದೊಯ್ದು ಕೊಟ್ಟಿಗೆಯ ಚಿಲಕ ತೆಗೆದರು. ಒಂದರ ಹಿಂದೊಂದು ಆರು ಬೆಕ್ಕುಗಳು ಹೊರಬಂದು ಬಿಸಿಲಿಗೆ ಮೈ ಚಾಚಿದವು. ಏಳನೆಯದು, ಕಣ್ಣಿಗೆ ಪೊರೆ ಬಂದ ಮುದಿ ಬೆಕ್ಕು, ಗೋಡೆಗೆ ಮೈ ತಾಗಿಸಿಕೊಂಡು ಇದಿನಬ್ಬರ ಕೋಣೆಯತ್ತ ನಡೆಯಿತು.

"ಇವುಗಳ ವಾಸನೆ ಮುಚ್ಚಲಿಕ್ಕೆ ಲೋಬಾನ ಹಾಕಿದ್ದು. ಬೇರೆ ಏನೂ ಇಲ್ಲ. ವಾಸನೆ ಈಗಲೂ ಇರಬಹುದು. ನನಗೆ ತಿಳಿಯುವುದಿಲ್ಲ."

"ಉಂಟು," ಎಂದರು ಶಶಿಪ್ರಭಾ. "ಮೆಟ್ಟಿಲಿನಿಂದಲೇ ಬರ್ತದೆ."

"ಇಲಿ ಉಂಟಾ?" ಜಯಪ್ರಕಾಶ್ ಕೇಳಿದರು.

ಒಳಗಿನಿಂದ ಇದಿನಬ್ಬರ ಸ್ವರ ಬಂತು. "ಇಲಿಗೆ ಇಲ್ಲಿಗೆ ಬರ್ಲಿಕ್ಕೆ ಧೈರ್ಯ ಬೇಕಲ್ಲ."

ಶಶಿಪ್ರಭಾ ನಕ್ಕರು. "ದೆವ್ವ ಆದ್ರೆ ನನ್ನಿಂದ ಆಗ್ಲಿಕ್ಕಿಲ್ಲ. ಬೆಕ್ಕು ಆದ್ರೆ ಅಡ್ಡಿಯಿಲ್ಲ. ನೆಲ ಬೇರೆ ಹಾಕಿಸುವ," ಎಂದು ಗಂಡನಿಗೆ ಹೇಳಿ, ಸಫಿಯಮ್ಮನ ಕಡೆಗೆ ತಿರುಗಿದರು. "ಹೊಳೆ ಬದಿಯ ಮನೆಗೆ ಬೆಕ್ಕು ಬೇಕು. ಇವು ಇಲ್ಲೇ ಇರ್ಲಿ, ಮೀನು ನಾವು ಹಾಕ್ತೇವೆ. ನಿಮಗೆ ಎಷ್ಟು ಕೊಂಡುಹೋಗ್ಲಿಕ್ಕೆ ಉಂಟು?"

ಸಫಿಯಮ್ಮ ಬಿಸಿಲಲ್ಲಿ ಮಲಗಿದ್ದ ಆರನ್ನೂ ನೋಡಿದರು. ಮೂರನೆಯ ಮಹಡಿಯಲ್ಲಿ ಅವುಗಳಿಗೆ ಅಂಗಳವಿಲ್ಲ, ಕೆರೆಯಲು ಮಣ್ಣಿಲ್ಲ. ಕೋಣೆಯ ಕಿಟಕಿಯಾಚೆ ಮುದಿ ಬೆಕ್ಕು ಮಂಚ ತಲುಪಿತ್ತು. ಇದಿನಬ್ಬರು ಸೂಜಿ ಚುಚ್ಚದ ಕೈಯಿಂದ ಅದನ್ನು ಮೇಲೆತ್ತಿಕೊಳ್ಳುತ್ತಿದ್ದರು. ಅದನ್ನು ನೋಡುತ್ತಲೇ ಸಫಿಯಮ್ಮ ಉತ್ತರ ಕೊಟ್ಟರು:

"ಒಂದು."