ಹೆಜ್ಜೆ ನೋಡುವ ಪಾದ್ರಿ

ಡೆವನ್ ಸೀಮೆಯ ಹ್ಯಾಡೋ ಪಾದ್ರಿಗಳ ಕಣ್ಣು ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಕಾಲಿನ ಮೇಲೆ ಬೀಳುತ್ತದೆ. ಊರಿನ ಪ್ರತಿಯೊಬ್ಬರಿಗೂ, ಅವರು ಬದುಕಿರುವಾಗಲೇ, ಅವರವರ ನಡಿಗೆಯ ಲಯದಲ್ಲಿ ಶವಸಂಸ್ಕಾರದ ರಾಗ ಕಟ್ಟಿಡುವುದು ಈ ಮಹಾನುಭಾವರ ಚಾಳಿ. ತಲೆಗೆ ನಾಲ್ಕೇ ಸಾಲು. ಚರ್ಚಿನ ಹಾಡಿಗೆ ಅಷ್ಟು ಸಾಕು. ಕುಂಟುವ ಕಮ್ಮಾರ ಟಕೆಟ್‌ನ ರಾಗವೂ ಕುಂಟುತ್ತದೆ. "ನಿಂದು ರೆಡಿಯಾಯ್ತಪ್ಪಾ ಟಕೆಟ್, ಬಹಳ ಚೆನ್ನಾಗಿ ಬಂದಿದೆ!" ಎಂದು ಬೇಲಿಯಾಚೆಯಿಂದ ಕೂಗಿದರೆ, "ನಂಗೇನೂ ಅವಸರ ಇಲ್ಲ ಸ್ವಾಮಿ, ನೀವೇ ಇಟ್ಕೊಂಡಿರಿ!" ಎಂದು ಅವನು ಸುತ್ತಿಗೆ ಬಡಿಯುತ್ತಾನೆ. ಮದುವೆಯೂಟದಲ್ಲೂ ಪಾದ್ರಿಗಳು ಮದುಮಗಳ ಹೆಜ್ಜೆ ಎಣಿಸುತ್ತ ಚಮಚದ ಬದಲು ಪೆನ್ಸಿಲನ್ನೇ ಚಹಾದಲ್ಲಿ ಅದ್ದುತ್ತಾರೆ. ಇದನ್ನೆಲ್ಲ ನೋಡುತ್ತ ಬಂದ ಹೆಂಡತಿ ಲೆಟಿಸ್‌ಗೆ ಇದ್ದದ್ದು ಒಂದೇ ಕುತೂಹಲ: ಮೂವತ್ತು ವರ್ಷದಲ್ಲಿ ನನಗೇಕೆ ಒಂದೂ ಇಲ್ಲ? ತನಗೆ ಈ ಚಳಿಗಾಲ ಹಿಡಿದ ಕೆಮ್ಮು ಬಿಡದೇ ಹೋದಾಗ, ಗಂಡ ಪ್ರಾರ್ಥನೆಗೆ ಹೋದ ಹೊತ್ತು ನೋಡಿ ಅವಳು ರಾಗದ ಹಾಳೆಗಳಿದ್ದ ಮೇಜಿನ ಖಾನೆ ಎಳೆದಳು. ಅವಳ ಹೆಸರಿನದೂ ಇತ್ತು. ನಾಲ್ಕು ಸಾಲಲ್ಲ, ಅರವತ್ತು ಹಾಳೆ! ಮೊದಲನೆಯದರ ಮೇಲೆ ಅವರ ಮದುವೆಯ ದಿನ, ಕಡೆಯದರ ಮೇಲೆ ನಿನ್ನೆಯ ತಾರೀಖು. "ಏನ್ರೀ, ಇದಕ್ಕೆ ಕೊನೆ ಎಲ್ಲಿ?" ಎಂದು ಸಂಜೆ ಕೇಳಿದಳು. "ಕೊನೆ ಬರೆಯೋಕೆ ನಂಗೆ ಬರಲ್ಲ ಕಣೇ," ಎಂದು ಪಾದ್ರಿಗಳು ಪೆನ್ಸಿಲ್ ಹುಡುಕಿದರು. "ಎಲ್ಲಿ, ಬಾಗಿಲವರೆಗೆ ಒಂದ್ಸಲ ನಡಿ ನೋಡೋಣ."