ಗುರುವಾರದ ರಜೆ

ಮೊದಲು ಕಂಡದ್ದು ಮಿಂಚು. ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಹಲ್ಲುಜ್ಜುತ್ತಾ ನಿಂತಿದ್ದೆ. ಎಡಗಣ್ಣಿನ ಅಂಚಿನಲ್ಲಿ ಯಾರೋ ವೆಲ್ಡಿಂಗ್ ಮಾಡಿದಂತೆ ಛಕ್ಕನೆ ಬೆಳಕು ಹಾರಿತು. ತಿರುಗಿ ನೋಡಿದರೆ ತೆಂಗಿನ ಬುಡ, ಒಣಗಲು ಹಾಕಿದ ಬಟ್ಟೆ, ಅಷ್ಟೆ. ಮಳೆಗಾಲ ಮುಗಿದು ಆಕಾಶ ಚೊಕ್ಕವಾಗಿತ್ತು. ತಲೆ ಅಲ್ಲಾಡಿಸಿದೆ. ಮತ್ತೆ ಹಾರಿತು.

ಆಗ ನಾನು ಕುಂದಾಪುರದ ಹತ್ತಿರದ ಒಂದು ಖಾಸಗಿ ಶಾಲೆಯ ಬಸ್ಸು ಓಡಿಸುತ್ತಿದ್ದೆ. ಅದಕ್ಕೂ ಮೊದಲು ಮೀನಿನ ಲಾರಿ ಹೊಡೆದು, ಗೋವಾ, ಕೇರಳ ಎಂದು ನಿದ್ದೆಗೆಟ್ಟು ಸಾಕಾಗಿ, ಮನೆಗೆ ಹತ್ತಿರ ಇರಲಿ ಎಂದು ಈ ಕೆಲಸ ಹಿಡಿದವನು. ಬೆಳಿಗ್ಗೆ ಶಿರೂರಿನಿಂದ ಹೊರಟು, ಬೈಂದೂರು, ಮರವಂತೆ ಎಂದು ದಾರಿಯುದ್ದಕ್ಕೂ ಮಕ್ಕಳನ್ನು ಹತ್ತಿಸಿಕೊಂಡು ಶಾಲೆಗೆ. ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಬಸ್ಸಿನಲ್ಲಿ ನನ್ನ ಜೊತೆ ಒಬ್ಬರು ಆಯಾ ಇದ್ದರು. ಉಪ್ಪುಂದದ ಕಡೆಯವರು, ನನಗಿಂತ ಹಿರಿಯರು. ಮಕ್ಕಳನ್ನು ಹತ್ತಿಸುವುದು, ಇಳಿಸುವುದು, ಗದರಿಸುವುದು ಎಲ್ಲ ಅವರದೇ.

ಮಿಂಚಿನ ಬೆನ್ನಿಗೆ ಕಪ್ಪು ಚುಕ್ಕೆಗಳು ಬಂದವು. ಒಂದು ದಿನ ಹೆಮ್ಮಾಡಿ ದಾಟುವಾಗ ಗಾಜಿನ ಮೇಲೆ ಸೊಳ್ಳೆ ಕೂತಿದೆ ಎಂದು ವೈಪರ್ ಹಾಕಿದೆ. ವೈಪರ್ ಹೋಗಿ ಬಂತು, ಸೊಳ್ಳೆ ಅಲ್ಲೇ ಇತ್ತು. ಇನ್ನೊಮ್ಮೆ ಹಾಕಿದೆ. ಅದು ಗಾಜಿನ ಮೇಲಿರಲಿಲ್ಲ.

ಹೆಂಡತಿಗೆ ಹೇಳಿದ್ದೇ ತಡ, ಶನಿವಾರ ಮಧ್ಯಾಹ್ನ ಬ್ರಹ್ಮಾವರದ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವರು ಔಷಧಿ ಹಾಕಿ, ಕತ್ತಲೆ ಕೋಣೆಯಲ್ಲಿ ಕೂರಿಸಿ, ಹಣೆಗೆ ದೀಪ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು.

"ಕಣ್ಣಿನ ಹಿಂದಿನ ಪರದೆಯಲ್ಲಿ ಸಣ್ಣ ತೂತು ಬಿದ್ದಿದೆ," ಎಂದರು. "ಈಗ ಲೇಸರ್ ಹಾಕಿದರೆ ಅಲ್ಲಿಗೇ ನಿಲ್ಲುತ್ತದೆ. ಅದರ ಡಾಕ್ಟರು ದೊಡ್ಡ ಆಸ್ಪತ್ರೆಗೆ ಗುರುವಾರ ಮಾತ್ರ ಬರುವುದು. ನಾನೇ ಹೇಳಿಡುತ್ತೇನೆ."

"ಇವ್ರ್ ಬಸ್ಸ್ ಬಿಡ್ಲಕ್ಕಾ?" ನಾನು ಬಸ್ಸು ಓಡಿಸಬಹುದೇ ಎಂದು ಹೆಂಡತಿ ಕೇಳಿದಳು.

"ನೋಟ ಈಗ ಸರಿಯಾಗಿಯೇ ಇದೆ. ಆದರೆ ಕೇಳಿ, ಯಾವ ಬದಿಯಿಂದಾದರೂ ಕಪ್ಪು ಪರದೆ ಎಳೆದ ಹಾಗೆ ಕಂಡರೆ ಗುರುವಾರ ಅಂತ ಕಾಯಬೇಡಿ. ಆ ಗಳಿಗೆಯೇ ಹೊರಡಿ."

ಶಾಲೆಯ ಬಸ್ಸುಗಳನ್ನು ನೋಡಿಕೊಳ್ಳುತ್ತಿದ್ದ ಮ್ಯಾನೇಜರರು ಮುಂಬೈಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಅವರು ಯಾರ ಮೇಲೂ ಕೂಗಾಡಿದ್ದನ್ನು ನಾನು ಕಂಡಿಲ್ಲ. ಬೈದಿದ್ದರೆ ತಿರುಗಿ ಎರಡು ಮಾತಾಡಬಹುದಿತ್ತು. ಅವರು ನಗುತ್ತಾ "ಕಾಂಬ" ಎನ್ನುತ್ತಿದ್ದರು. ನೋಡೋಣ ಎಂದು. ನೋಡಿದ್ದು ಮಾತ್ರ ಯಾವತ್ತೂ ಇಲ್ಲ.

"ಗುರುವಾರ ಒಂದ್ ದಿನ ರಜಿ ಬೇಕಿತ್ತ್," ಎಂದೆ ಸೋಮವಾರ. "ಕಣ್ಣಿಗ್ ಲೇಸರ್ ಹಾಕ್ಸುಕಿತ್ತ್."

"ಗುರುವಾರ ಸ್ಪೋರ್ಟ್ಸ್ ಡೇ ಅಲ್ದಾ ಮಾರಾಯ? ಆದಿತ್ಯವಾರ ಹೋಯಿನಿ."

"ಆ ಡಾಕ್ಟ್ರ್ ಗುರುವಾರ ಮಾತ್ರ ಬಪ್ದ್."

"ಈಗ ಕಣ್ಣ್ ಕಾಂತಿತ್ತಲ್ದಾ?" ಕಾಣುತ್ತದಲ್ಲವೇ ಎಂದು.

"ಕಾಂತಿತ್ತ್."

"ಮತ್ತೆಂತ? ಕಾಂಬ."

ಬುಧವಾರ ಸಂಜೆಯವರೆಗೂ ಕಾಂಬ. ಕೊನೆಗೆ, "ಮುಂದಿನ ಗುರುವಾರಕ್ಕ್ ಹಾಕ್ಕಣಿ, ಆಗ ಖಂಡಿತ" ಎಂದರು. ಆಸ್ಪತ್ರೆಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ದಿನ ಬದಲಿಸಿಕೊಟ್ಟು, "ತಡ ಮಾಡಬಹುದು ಅಂತ ಡಾಕ್ಟರು ಹೇಳಿದ್ದಾರಾ ಸರ್?" ಎಂದು ಕೇಳಿದಳು. ನಾನು ಫೋನ್ ಇಟ್ಟೆ. ಸ್ಪೋರ್ಟ್ಸ್ ಡೇ ದಿನ ಮಕ್ಕಳನ್ನು ಬಿಟ್ಟ ಮೇಲೆ ಬಸ್ಸು ಸಂಜೆಯ ತನಕ ಮೈದಾನದ ಪಕ್ಕದಲ್ಲಿ ಸುಮ್ಮನೆ ನಿಂತಿತ್ತು. ಅದರ ನೆರಳಿನಲ್ಲಿ ನಾನೂ ನಿಂತಿದ್ದೆ. ಮೈಕಿನಲ್ಲಿ ಮಕ್ಕಳ ಹೆಸರು ಕೂಗುತ್ತಿದ್ದರು. ನಾನು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ದೂರದ ಬಾವುಟಗಳನ್ನು ನೋಡುತ್ತಿದ್ದೆ.

ಮುಂದಿನ ವಾರ ಚುಕ್ಕೆಗಳು ಹೆಚ್ಚಾದವು. ಎಣ್ಣೆಯಲ್ಲಿ ಮಸಿ ಉದುರಿಸಿದಂತೆ ಕಣ್ಣು ತಿರುಗಿದತ್ತ ತೇಲುತ್ತಿದ್ದವು. ಮ್ಯಾನೇಜರರಿಗೆ ಮತ್ತೆ ಹೇಳಿದೆ. ಮೀನಿನ ಲಾರಿಯ ಕಾಲದ ನನ್ನ ಗೆಳೆಯನೊಬ್ಬ, ದೊಡ್ಡ ಗಾಡಿಯ ಲೈಸೆನ್ಸ್ ಇದ್ದವನು, ಬದಲಿಗೆ ಬರಲು ಒಪ್ಪಿದ್ದ. ಅವರು ಅದಕ್ಕೂ ನಕ್ಕರು. ಹೊರಗಿನವರ ಕೈಗೆ ಮಕ್ಕಳ ಗಾಡಿ ಕೊಡಲಾಗದು, ಪೊಲೀಸ್ ವೆರಿಫಿಕೇಶನ್ ಆಗಬೇಕು ಎಂದರು. ಆ ಮಾತು ಸರಿಯಾಗಿಯೇ ಇತ್ತು. ಅವರ ಮಾತುಗಳೆಲ್ಲ ಒಂದೊಂದಾಗಿ ನೋಡಿದರೆ ಸರಿಯಾಗಿಯೇ ಇರುತ್ತಿದ್ದವು.

ಬುಧವಾರ ಮಧ್ಯಾಹ್ನ ಡಾಕ್ಟರ ಚೀಟಿ ಹಿಡಿದುಕೊಂಡು ಅವರ ಕೋಣೆಗೆ ಹೋದೆ. ಅವರು ಅದನ್ನು ಓದಿ ಮೇಜಿನ ಮೇಲಿಟ್ಟರು.

"ಇದ್ರಗೆ 'ಬೇಗ' ಅಂತ ಬರ್ದಿರ್. 'ನಾಳೆ' ಅಂತ ಇಲ್ಲೆ."

"ಕಳ್ದ್ ವಾರ ನೀವೇ ಅಲ್ದಾ ಖಂಡಿತ ಅಂದದ್ದ್?"

"ಇನ್ನೊಬ್ಬ ಡ್ರೈವರ್ ತಂಗಿ ಮದಿಗ್ ಹೋಯಿದ. ಅವ್ನಿಗ್ ಮದ್ಲೇ ರಜಿ ಕೊಟ್ಟಾಯ್ತ್. ನಾನೆಂತ ಮಾಡ್ಕ್ ಹೇಳಿ?"

"ನಾಳಿಕ್ ನಾನ್ ಬತ್ತಿಲ್ಲೆ," ಎಂದೆ. ಪಕ್ಕದ ಮೇಜಿನ ಇಬ್ಬರು ಟೈಪ್ ಮಾಡುವುದನ್ನು ನಿಲ್ಲಿಸಿದರು.

ಮ್ಯಾನೇಜರರ ಮುಖದ ನಗೆ ಹಾಗೆಯೇ ಇತ್ತು. "ನಾಳಿಕ್ ಬರ್ದಿರೆ, ನಾಡ್ದೂ ಬಪ್ದ್ ಬೇಡ," ಎಂದರು.

ಆ ದಿನ ಸಂಜೆ ಎಂದಿನಂತೆ ಬಸ್ಸು ಹೊರಟಿತು. ನಾಳೆ ಆಸ್ಪತ್ರೆಗೆ ಹೋಗಿಯೇ ಹೋಗುತ್ತೇನೆ, ಕೆಲಸ ಹೋದರೆ ಹೋಗಲಿ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ತ್ರಾಸಿ ದಾಟಿ ಮರವಂತೆಯ ನೇರ ರಸ್ತೆಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಎಡಕ್ಕೆ ಕಡಲು, ಬಲಕ್ಕೆ ಹೊಳೆ. ಮಕ್ಕಳು ಹಿಂದಿನಿಂದ ಏನೋ ಕೂಗಿ ನಗುತ್ತಿದ್ದರು. ಎಡಬದಿಯಲ್ಲಿ ಕಡಲಿನ ನೀರು ತಡೆಗೋಡೆಯ ಕಲ್ಲುಗಳನ್ನು ಮೀರಿ ಮೇಲೇರುತ್ತಿರುವಂತೆ ಕಂಡಿತು. ಕಪ್ಪು ನೀರು. ಸದ್ದಿಲ್ಲದೆ ಏರುತ್ತಿತ್ತು. ಮುಖ ಅತ್ತ ತಿರುಗಿಸಿದೆ: ಕಡಲು ತನ್ನ ಜಾಗದಲ್ಲೇ ಇತ್ತು, ಆದರೆ ಆ ಕಪ್ಪು ನನ್ನ ಜೊತೆಗೇ ತಿರುಗಿತು. ಬಲಗಣ್ಣು ಮುಚ್ಚಿದೆ. ರಸ್ತೆಯ ಕೆಳಗಿನ ಅರ್ಧ ಇರಲಿಲ್ಲ.

ಇಂಡಿಕೇಟರ್ ಹಾಕಿ, ನಿಧಾನ ಮಾಡಿ, ಬದಿಗೆ ತಂದು ನಿಲ್ಲಿಸಿದೆ. ಇಂಜಿನ್ ಆಫ್ ಮಾಡಿದೆ.

"ಎಂತ ಆಯ್ತ್ ಡ್ರೈವರಣ್ಣ?" ಆಯಾ ಮುಂದೆ ಬಂದರು.

"ಎಡಗಣ್ಣ್ ಕಾಂತಿಲ್ಲೆ ಅಕ್ಕ. ಮಕ್ಳನ್ನ್ ಕೆಳಗ್ ಇಳ್ಸ್‌ಬೇಡಿ."

ಫೋನನ್ನು ಸ್ಪೀಕರಿಗೆ ಹಾಕಿ ಡ್ಯಾಶ್‌ಬೋರ್ಡಿನ ಮೇಲಿಟ್ಟು ಮ್ಯಾನೇಜರರ ಹತ್ತಿರ ಮಾತಾಡಿದೆ. ಅವರು, "ಬಲಗಣ್ಣ್ ಕಾಂತಿತ್ತಾ?" ಎಂದರು.

"ಕಾಂತಿತ್ತ್."

"ಹಂಗಾರೆ ನಿಧಾನ ಹೋಯಿನಿ. ಮಕ್ಳನ್ನ್ ಬಿಟ್ಟ್ ಮತ್ತ್ ಆಸ್ಪತ್ರಿಗ್ ಹೋಪುಕಾತ್ತ್."

ಆಯಾ ನನ್ನ ಮುಖ ನೋಡಿದರು. ಹಿಂದೆ ಮಕ್ಕಳು ಸುಮ್ಮನಾಗಿದ್ದರು. ದೊಡ್ಡವರ ಸ್ವರ ಬದಲಾದರೆ ಮಕ್ಕಳಿಗೆ ಹೇಗೋ ಗೊತ್ತಾಗುತ್ತದೆ.

"ಆತಿಲ್ಲೆ," ಎಂದೆ. ಕೀ ತೆಗೆದು ಆಯಾರ ಕೈಗೆ ಕೊಟ್ಟೆ.

ಅವರೇ ಒಬ್ಬೊಬ್ಬರ ಮನೆಗೆ ಫೋನ್ ಮಾಡಿದರು. ಹತ್ತಿರದವರು ಬೈಕು, ರಿಕ್ಷಾಗಳಲ್ಲಿ ಬಂದರು. ಮೊದಲು ಬಂದ ತಾಯಿ ಗಂಗೊಳ್ಳಿಯ ಬಂದರಿನಿಂದ ಮೀನು ತಂದು ಮಾರುವವರು. ಮಗಳನ್ನು ಎರಡನೇ ಕ್ಲಾಸಿನಿಂದ ನನ್ನ ಬಸ್ಸಿನಲ್ಲೇ ಕಳುಹಿಸುತ್ತಿದ್ದವರು, ಕಂಡಾಗಲೆಲ್ಲ ನಕ್ಕು ಮಾತಾಡಿಸುವವರು. ವಿಷಯ ಕೇಳಿದೊಡನೆ ಮಗಳನ್ನು ಸೆರಗಿನೊಳಗೆ ಎಳೆದುಕೊಂಡು ನನ್ನಿಂದ ಎರಡು ಹೆಜ್ಜೆ ಹಿಂದೆ ಸರಿದರು. ಅವರ ಕಣ್ಣಿನಲ್ಲಿ ಹೆದರಿಕೆ ಇತ್ತು. ನನ್ನ ಬಗ್ಗೆ ಅಲ್ಲ, ಆಗಬಹುದಾಗಿದ್ದ ಏನೋ ಒಂದರ ಬಗ್ಗೆ. ಆದರೂ ಆ ನೋಟ ಬಿದ್ದದ್ದು ನನ್ನ ಮೇಲೆ.

ಸುಮಾರು ಹೊತ್ತಿನ ಮೇಲೆ ಮ್ಯಾನೇಜರರ ಕಾರು ಬಂತು. ಅದರಿಂದ ಇಳಿದವನು ಇನ್ನೊಬ್ಬ ಡ್ರೈವರ್. ರೇಷ್ಮೆ ಅಂಗಿ, ಹಣೆಯಲ್ಲಿ ಗಂಧ; ತಂಗಿಯ ಮದುವೆಯ ಮನೆಯಿಂದ ಎಬ್ಬಿಸಿ ತಂದಿದ್ದರು. ಅವನು ನನ್ನ ಹೆಗಲು ಮುಟ್ಟಿ ಬಸ್ಸು ಹತ್ತಿದ. ಮ್ಯಾನೇಜರರು ನನ್ನತ್ತ ನೋಡಲಿಲ್ಲ. ಮೀನು ಮಾರುವ ತಾಯಿಯೇ ತನ್ನ ತಮ್ಮನಿಗೆ ಹೇಳಿ, ನನ್ನನ್ನು ಆಸ್ಪತ್ರೆಗೆ ಒಯ್ಯಲು ಪಿಕಪ್ ತರಿಸಿದರು. ಮೀನಿನ ಖಾಲಿ ಟ್ರೇಗಳು ಹಿಂದೆ ಗಡಗಡ ಎನ್ನುತ್ತಿದ್ದವು. ಸಾಸ್ತಾನದ ಟೋಲಿನ ಸಾಲಿನಲ್ಲಿ ನಿಂತಾಗ ಎಡಗಣ್ಣಿನ ಕಪ್ಪು ಇನ್ನೂ ಒಂದಿಷ್ಟು ಮೇಲೆ ಬಂದಿತ್ತು.

ಆಪರೇಷನ್ ಮರುದಿನವೇ ಆಯಿತು. ಕಣ್ಣಿನ ಹಿಂದಿನ ಪರದೆ ನಡುವಿನ ತನಕ ಕಳಚಿಕೊಂಡಿತ್ತು, ಮೊದಲೇ ಬಂದಿದ್ದರೆ ಎಂದು ಡಾಕ್ಟರು ಹೇಳಲು ಹೊರಟು, ಹೆಂಡತಿಯ ಮುಖ ನೋಡಿ ನಿಲ್ಲಿಸಿದರು. ಕಣ್ಣೊಳಗೆ ಗಾಳಿಯಂಥದ್ದನ್ನು ತುಂಬಿಸಿದ್ದರಿಂದ ಹಗಲೂ ರಾತ್ರಿ ಮುಖ ಕೆಳಗೆ ಮಾಡಿಯೇ ಇರಬೇಕಿತ್ತು. ಮನೆಗೆ ಬಂದ ಮೇಲೂ ಹಾಗೆಯೇ. ಹಾಗಾಗಿ ನನ್ನನ್ನು ನೋಡಲು ಬಂದವರನ್ನೆಲ್ಲ ನಾನು ಪಾದಗಳಿಂದಲೇ ಗುರುತಿಸಿದೆ.

ಒಂದು ದಿನ ಬಾಗಿಲಿನಲ್ಲಿ ಚಪ್ಪಲಿ ಬಿಡದ ಪಾದಗಳು ಬಂದವು. ಪಾಲಿಶ್ ಹಾಕಿದ ಕಪ್ಪು ಬೂಟು. ಹಣ್ಣಿನ ಚೀಲ ನೆಲಕ್ಕೆ ತಾಗಿದ ಸದ್ದು.

"ಇಷ್ಟ್ ಜೋರಿತ್ತ್ ಅಂದ್ ನೀವ್ ಹೇಳ್ಕಿತ್ತಲ್ದಾ," ಎಂದರು ಮ್ಯಾನೇಜರರು. ದನಿ ಎಂದಿನಂತೆ ಮೃದು.

"ಹೇಳಿದ್ದೆ," ಎಂದೆ ನೆಲಕ್ಕೆ.

ಅಡುಗೆಮನೆಯಲ್ಲಿ ಪಾತ್ರೆ ಇಟ್ಟ ಸದ್ದು ಜೋರಾಗಿ ಕೇಳಿತು. ಹೆಂಡತಿ ಚಹಾ ಮಾಡುವುದನ್ನು ನಿಲ್ಲಿಸಿದ್ದಳು. ಸ್ವಲ್ಪ ಹೊತ್ತಿನಲ್ಲಿ ಬೂಟುಗಳು ತಿರುಗಿ ಹೊರಗೆ ಹೋದವು.

ಆಮೇಲೆ ತಿಳಿದದ್ದು, ಡ್ರೈವರ್ ಕಾಯಿಲೆ ಮುಚ್ಚಿಟ್ಟಿದ್ದ ಎಂದು ತಂದೆತಾಯಂದಿರ ಸಭೆಯಲ್ಲಿ ಮ್ಯಾನೇಜರರು ಹೇಳಿದ್ದರಂತೆ. ಆಯಾ ಎದ್ದು ನಿಂತು, ಬಸ್ಸಿನ ಫೋನಿನಲ್ಲಿ ತಾನು ಕೇಳಿದ್ದನ್ನೆಲ್ಲ ಎಲ್ಲರ ಮುಂದೆ ಹೇಳಿದರಂತೆ. ಸಭೆಯಲ್ಲಿ ಗಲಾಟೆಯಾಯಿತು. ಮ್ಯಾನೇಜರರನ್ನು ಬಸ್ಸಿನ ಜವಾಬ್ದಾರಿಯಿಂದ ತೆಗೆದು ಕ್ಯಾಂಟೀನಿಗೆ ಹಾಕಿದರು. ಆಯಾರನ್ನು ವರ್ಷದ ಕೊನೆಗೆ ಬೇಡವೆಂದರು. ಕಾರಣ ಕೇಳಿದರೆ ವಯಸ್ಸು ಎಂದರಂತೆ.

ಎಡಗಣ್ಣಿಗೆ ಈಗ ಬೆಳಕು ಕಾಣುತ್ತದೆ, ಜನ ಅಡ್ಡ ಹೋದರೆ ನೆರಳು ಕಾಣುತ್ತದೆ. ದೊಡ್ಡ ಗಾಡಿ ಇನ್ನು ಓಡಿಸುವಂತಿಲ್ಲ. ನಾನೀಗ ಕೊಲ್ಲೂರಿನ ಒಂದು ಲಾಡ್ಜಿನ ಕೌಂಟರಿನಲ್ಲಿ ಕೂರುತ್ತೇನೆ; ಯಾತ್ರಿಕರಿಗೆ ಕೀ ಕೊಡುತ್ತೇನೆ, ಬಿಸಿನೀರಿನ ಸಮಯ ಹೇಳುತ್ತೇನೆ. ಧಣಿ ಒಳ್ಳೆಯವರು. ಕಳೆದ ಬಾರಿ ತಪಾಸಣೆಯಲ್ಲಿ ಡಾಕ್ಟರು ಬಲಗಣ್ಣನ್ನೂ ನೋಡಿ, ಅಲ್ಲಿಯೂ ಪರದೆ ಒಂದು ಕಡೆ ತೆಳ್ಳಗಾಗಿದೆ, ಬಿಡದೆ ಬಂದು ತೋರಿಸುತ್ತಿರಬೇಕು ಎಂದಿದ್ದಾರೆ. ಮೊನ್ನೆ ಅದಕ್ಕೆ ರಜೆ ಕೇಳಲು ಧಣಿಯ ಮುಂದೆ ನಿಂತೆ. ಗುರುವಾರ ಒಂದು ದಿನ ಬೇಕೆಂದು ಕೇಳಿದೆ.

ಅವರು ಮೊಬೈಲಿನಿಂದ ತಲೆಯೆತ್ತಿ ನನ್ನನ್ನು ನೋಡಿ, "ಯಾತ್ರಿಕ್ರ್ ಜಾಸ್ತಿ ಇಪ್ಪು ದಿನ ಅಲ್ದಾ ಅದ್?" ಎಂದರು. ಆಮೇಲೆ, "ಕಾಂಬ," ಎಂದು ಮೊಬೈಲಿಗೆ ಮರಳಿದರು.

ನಾನು ಅಲ್ಲಿಂದ ಕದಲಲಿಲ್ಲ. "ಕಾಂಬುದಲ್ಲ, ಧಣಿ," ಎಂದೆ. "ನಾನ್ ಹೋತ್ತೆ."